ಹಲಸಿನ ಗಿಟಾರ್‌ಗೆ ಯಾವ ಫಿನಿಶ್? ಮಳೆಗಾಲ ನೋಡಿಕೊಂಡು ಹೇಳ್ತಿದ್ದೇನೆ

ನಮಸ್ಕಾರ. ನಿಮ್ಮ ಫೋಟೊ ನೋಡಿ ಖುಷಿಯಾಯ್ತು. ಮನೆಯಲ್ಲಿದ್ದ ಹಳೇ ಹಲಸಿನ ಹಲಗೆಯಿಂದ ಎಲೆಕ್ಟ್ರಿಕ್ ಗಿಟಾರ್‌ನ ಬಾಡಿ ಕೊರೆದಿದ್ದೀರಿ. ಅಂಚು ತುಂಬಾ ಚೆನ್ನಾಗಿ ಬಂದಿದೆ. ಹಲಸು ವೀಣೆಯ ಮರ, ಮೃದಂಗದ ಮರ. ಅದರಲ್ಲಿ ಗಿಟಾರ್ ಮಾಡೋದು ನನಗಂತೂ ತುಂಬಾ ಸರಿ ಅನ್ನಿಸುತ್ತೆ.

ನಿಮ್ಮ ಪ್ರಶ್ನೆ ಇಷ್ಟು: ಊರು ಸಾಗರ, ಈಗ ಜೂನ್. ಸ್ಪ್ರೇ ಗನ್ ಇಲ್ಲ. ಮೇಪಲ್ ಮರದ ನೆಕ್ (ಗಿಟಾರ್‌ನ ಕತ್ತು) ತರಿಸಿಟ್ಟಿದ್ದೀರಿ. ಹಳೇ ಗಿಬ್ಸನ್ ಗಿಟಾರ್‌ಗಳ ಥರ ನೈಟ್ರೋ, ಅಂದ್ರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹೊಡೆಯೋ ಆಸೆ. ಆಗುತ್ತಾ ಅಂತ ಕೇಳಿದ್ದೀರಿ.

ಈ ತಿಂಗಳು ಬೇಡ ಅಂತ ನನ್ನ ಉತ್ತರ. ನೈಟ್ರೋ ಕೆಟ್ಟದ್ದು ಅಂತಲ್ಲ. ನಿಮ್ಮ ಊರಿನ ಜೂನ್‌ಗೂ ಅದಕ್ಕೂ ಆಗಿಬರಲ್ಲ, ಅಷ್ಟೆ.

ಮೊದಲು ಒಂದು ವಿಷಯ. ನಮ್ಮ ಬಡಗಿಗಳು ಬಾಗಿಲು, ಕಪಾಟುಗಳಿಗೆ ಹೊಡೆಯುವ ಎನ್‌ಸಿ ಲ್ಯಾಕರ್ ಕೂಡ ನೈಟ್ರೋಸೆಲ್ಯುಲೋಸೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸೀಲರ್, ಥಿನ್ನರ್ ಎಲ್ಲಾ ಸಿಗುತ್ತೆ, ಹಾಗಾಗಿ ಸಾಮಾನಿಗೆ ತೊಂದರೆ ಇಲ್ಲ. ತೊಂದರೆ ಇರೋದು ಗಾಳಿಯಲ್ಲಿ. ಥಿನ್ನರ್ ಬೇಗ ಆವಿಯಾಗುತ್ತೆ. ಆವಿಯಾಗುವಾಗ ಮರದ ಮೇಲ್ಮೈಯನ್ನು ತಣ್ಣಗೆ ಮಾಡುತ್ತೆ. ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಆ ತಣ್ಣನೆಯ ಮೇಲ್ಮೈಗೆ ಬಂದು ಕೂರುತ್ತೆ. ಲ್ಯಾಕರ್ ಒಳಗೆ ಸಿಕ್ಕಿಬಿದ್ದು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತೆ. ರಿಟಾರ್ಡರ್ ಅಂತ ನಿಧಾನವಾಗಿ ಆರುವ ಥಿನ್ನರ್ ಬೆರೆಸಿದರೆ ಸ್ವಲ್ಪ ತಪ್ಪಿಸಬಹುದು. ಆದರೆ ಮಲೆನಾಡಿನ ಮಳೆಯಲ್ಲಿ ದಿನಾ ಅದರ ಜೊತೆ ಗುದ್ದಾಡಬೇಕಾಗುತ್ತೆ. ಮೇಲಾಗಿ ಇದು ಎಷ್ಟು ಬೇಗ ಆರುತ್ತೆ ಅಂದ್ರೆ ಬ್ರಷ್‌ನಲ್ಲಿ ಎಳೆದರೆ ಗೆರೆ ಉಳಿಯುತ್ತೆ. ಗನ್ ಇಲ್ಲದೆ ಚೆನ್ನಾಗಿ ಬರೋದು ಕಷ್ಟ. ಹೊಡೆದು ಮುಗಿಸಿದ ಮೇಲೂ ಉಜ್ಜಿ ಹೊಳಪು ಕೊಡೋಕೆ ಮೂರ್ನಾಲ್ಕು ವಾರ ಕಾಯಬೇಕು. ಮೂಗಿಗೆ ಥಿನ್ನರ್ ವಾಸನೆ ಬರ್ತಿದೆ ಅಂದ್ರೆ ಇನ್ನೂ ಆಗಿಲ್ಲ ಅಂತ ಲೆಕ್ಕ.

ನೈಟ್ರೋದ ದೊಡ್ಡ ಗುಣ ಒಂದಿದೆ, ಅದನ್ನೂ ಹೇಳಬೇಕು. ಹೊಸ ಕೋಟ್ ಹಳೇ ಕೋಟನ್ನು ಕರಗಿಸಿ ಅದರೊಳಗೆ ಒಂದಾಗುತ್ತೆ. ಹತ್ತು ವರ್ಷ ಬಿಟ್ಟು ಪೆಟ್ಟು ಬಿದ್ದರೂ ಅಲ್ಲಷ್ಟೇ ರಿಪೇರಿ ಮಾಡಬಹುದು. ನಿಮಗೆ ಅದೇ ಬೇಕು ಅಂದ್ರೆ ಬಾಡಿಗೆ ಬರೀ ಸೀಲರ್ ಬಳಿದು ಡಿಸೆಂಬರ್‌ವರೆಗೆ ಎತ್ತಿಡಿ. ಒಣಹವೆಯಲ್ಲಿ ಸ್ಪ್ರೇ ಮಾಡಿಸಿ.

ನೈಟ್ರೋ ಹಾಕಿದರೆ ನಾದ ಚೆನ್ನಾಗಿರುತ್ತೆ, ಮರ ಉಸಿರಾಡುತ್ತೆ ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಕೌಸ್ಟಿಕ್ ಗಿಟಾರ್‌ನ ತೆಳು ಹಲಗೆಗೆ ದಪ್ಪ ಕೋಟ್ ಬಿದ್ದರೆ ನಾದಕ್ಕೆ ತೊಂದರೆ, ಒಪ್ಪುತ್ತೇನೆ. ನಿಮ್ಮದು ಗಟ್ಟಿ ಬಾಡಿ. ತಂತಿಗಳ ಕೆಳಗಿರುವ ಪಿಕಪ್ ಹಿಡಿಯೋದು ಅಯಸ್ಕಾಂತದ ಮುಂದೆ ಅದುರುವ ಉಕ್ಕಿನ ತಂತಿಯನ್ನು. ಬಾಡಿಯ ಮೇಲಿನ ಬಣ್ಣ ಯಾವುದು ಅನ್ನೋದು ಅಲ್ಲಿ ಕೇಳಿಸೋದೇ ಇಲ್ಲ ಅನ್ನುವಷ್ಟು ಕಡಿಮೆ. 1950ರ ದಶಕದಲ್ಲಿ ಗಿಟಾರ್ ಕಂಪನಿ ಫೆಂಡರ್‌ನವರು ನೈಟ್ರೋ ಬಳಸಿದ್ದಕ್ಕೆ ಕಾರಣ ಆ ಕಾಲದಲ್ಲಿ ಕಾರುಗಳಿಗೆ ಹೊಡೆಯುತ್ತಿದ್ದ ಬಣ್ಣ ಅದು. ಬೇಗ ಆರುತ್ತಿತ್ತು, ಸುಲಭವಾಗಿ ಸಿಗುತ್ತಿತ್ತು. ಅವರ ಫಿಯೆಸ್ಟಾ ರೆಡ್ ಫೋರ್ಡ್ ಕಾರಿನ ಬಣ್ಣ. 1960ರ ದಶಕದ ಕೊನೆಗೆ ಅವರೇ ದಪ್ಪನೆಯ ಪಾಲಿಯೆಸ್ಟರ್‌ಗೆ ಹೋದರು.

ಮನೆಯಲ್ಲಿ ಮಾಡಿದ ಗಿಟಾರ್‌ಗಳಲ್ಲಿ ತುಂಬಾ ಹೆಸರಾದದ್ದು ಕ್ವೀನ್ ಬ್ಯಾಂಡ್‌ನ ಗಿಟಾರ್ ವಾದಕ ಬ್ರಯಾನ್ ಮೇ ಅವರ ರೆಡ್ ಸ್ಪೆಷಲ್. 1963ರಲ್ಲಿ ಅಪ್ಪ ಮಗ ಸೇರಿ ಶುರು ಮಾಡಿದ್ದು. ನೆಕ್‌ಗೆ ಬಳಸಿದ್ದು ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ಅದಕ್ಕೆ ಬಳಿದದ್ದು ರಸ್ಟಿನ್ಸ್ ಪ್ಲಾಸ್ಟಿಕ್ ಕೋಟಿಂಗ್, ಅಂದ್ರೆ ಮನೆಯ ಮರಸಾಮಾನಿಗೆ ಹಚ್ಚುವ, ಹಾರ್ಡನರ್ ಬೆರೆಸುವ ಪಾಲಿಶ್. ಆ ಗಿಟಾರ್ ಎಂಥಾ ವೇದಿಕೆಗಳನ್ನು ಕಂಡಿದೆ ಅಂತ ನಿಮಗೆ ಗೊತ್ತೇ ಇದೆ. ಕೈಗೆ ಸಿಗುವ, ಕೈಯಿಂದ ಹಚ್ಚಬಹುದಾದ ಸಾಮಾನು ಸಾಕು ಅನ್ನೋ ಧೈರ್ಯಕ್ಕೆ ಇದನ್ನು ಹೇಳಿದೆ.

ಈಗ ನಿಮ್ಮ ಗಿಟಾರ್‌ಗೆ ನಾನು ಏನು ಮಾಡ್ತಿದ್ದೆ ಅಂತ ಹೇಳ್ತೀನಿ. ತಳಕ್ಕೆ ಅರಗು, ಅಂದ್ರೆ ಶೆಲ್ಯಾಕ್. ಅದರ ಮೇಲೆ ಬಟ್ಟೆಯಲ್ಲಿ ಒರೆಸಿ ಹಚ್ಚುವ ತೆಳು ವಾರ್ನಿಶ್. ಗನ್ ಬೇಡ, ಹಲಸಿನ ಬಂಗಾರದ ಬಣ್ಣ ಚೆನ್ನಾಗಿ ಎದ್ದು ಕಾಣುತ್ತೆ, ತಪ್ಪಿದರೆ ಉಜ್ಜಿ ಮತ್ತೆ ಹಚ್ಚಬಹುದು.

ಮರ ಉಜ್ಜೋದರಲ್ಲೇ ಅರ್ಧ ಕೆಲಸ ಇದೆ. 120, 180, 220 ನಂಬರ್ ಪೇಪರ್ ಕ್ರಮವಾಗಿ, ಮರದ ಎಳೆ ಹೋಗುವ ದಿಕ್ಕಿನಲ್ಲೇ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಆರಲು ಬಿಡಿ. ನಾರು ಎದ್ದು ನಿಲ್ಲುತ್ತೆ, ಅದನ್ನು 220ರಲ್ಲಿ ಹಗುರವಾಗಿ ತೆಗೆಯಿರಿ. ಅಡ್ಡ ಕೊಯ್ದ ತುದಿಗಳು ಬಣ್ಣ, ಎಣ್ಣೆ ಎಲ್ಲಾ ಜಾಸ್ತಿ ಕುಡಿದು ಕಪ್ಪಾಗುತ್ತವೆ. ಅಲ್ಲಿ ಮಾತ್ರ 320ರವರೆಗೆ ಹೋಗಿ. ಟ್ಯೂಬ್‌ಲೈಟ್ ಬೆಳಕು ಪಕ್ಕದಿಂದ ಬೀಳೋ ಹಾಗೆ ಹಿಡಿದು ನೋಡಿ. ಗೀರುಗಳು ಆಗಲೇ ಕಾಣೋದು. ಫಿನಿಶ್ ಬಿದ್ದ ಮೇಲೆ ಕಂಡರೆ ಮತ್ತೆ ಮೊದಲಿಂದ ಶುರು ಮಾಡಬೇಕು.

ಹಲಸಿನಲ್ಲಿ ರಂಧ್ರ ದೊಡ್ಡವು. ಕನ್ನಡಿಯಂಥ ಮೇಲ್ಮೈ ಬೇಕಿದ್ದರೆ ವುಡ್ ಫಿಲ್ಲರ್ ತುಂಬಿಸಲೇಬೇಕು. ನನ್ನ ಮಾತು ಕೇಳಿದರೆ ತುಂಬಿಸಬೇಡಿ. ರಂಧ್ರ ಕಾಣುತ್ತಿದ್ದರೆ ಅದು ಹಲಸು ಅಂತ ಗೊತ್ತಾಗುತ್ತೆ.

ಅರಗಿನ ಚಕ್ಕೆ ಸಿಗುತ್ತಲ್ಲ, ಅದನ್ನು 100 ಮಿಲಿ ಸ್ಪಿರಿಟ್‌ಗೆ ಸುಮಾರು 20 ಗ್ರಾಂ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿ ಇಡಿ. ನಡುನಡುವೆ ಅಲ್ಲಾಡಿಸಿ. ಪೂರ್ತಿ ಕರಗಿದ ಮೇಲೆ ಒಂದೆರಡು ದಿನ ಅಲುಗಿಸದೆ ಬಿಟ್ಟರೆ ಮೇಣ ತಳಕ್ಕೆ ಕೂರುತ್ತೆ. ಮೇಲಿನ ತಿಳಿಯನ್ನು ಮಾತ್ರ ಬಳಸಿ. ಮೇಣ ಉಳಿದರೆ ಮೇಲಿನ ಪಾಲಿಯುರಿಥೇನ್ ಸರಿಯಾಗಿ ಅಂಟಲ್ಲ. ಕರಗಿಸಿದ ಅರಗನ್ನು ತಿಂಗಳುಗಟ್ಟಲೆ ಇಟ್ಟು ಬಳಸಬೇಡಿ. ಹಳೆಯದಾದರೆ ಅದು ಗಟ್ಟಿಯಾಗಿ ಆರುವುದೇ ಇಲ್ಲ. ಬೇಕಾದಷ್ಟೇ ಮಾಡಿಕೊಳ್ಳಿ.

ಹಳೇ ಹತ್ತಿಬಟ್ಟೆಯ ಉಂಡೆಯಲ್ಲಿ ತೆಳ್ಳಗೆ ಎಳೆಯಿರಿ. ಎರಡು ಮೂರು ಕೋಟ್ ಸಾಕು. ಒಂದೊಂದರ ನಡುವೆ ಒಂದು ಗಂಟೆ. ಅರಗೂ ಜಡಿಮಳೆಯಲ್ಲಿ ಬೆಳ್ಳಗಾಗಬಹುದು, ಹಾಗಾಗಿ ಮಳೆ ಬಿಟ್ಟ ದಿನ ಮಧ್ಯಾಹ್ನದ ಹೊತ್ತು ನೋಡಿಕೊಳ್ಳಿ. ಬೆಳ್ಳಗಾದರೂ ಗಾಬರಿ ಬೇಡ, ಒಣ ದಿನ ಸ್ಪಿರಿಟ್ ಬಟ್ಟೆ ಹಗುರವಾಗಿ ಆಡಿಸಿದರೆ ಹೋಗುತ್ತೆ. ಕೆಲವು ನೂರು ರೂಪಾಯಿಗೆ ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತೆ, ತಗೊಳ್ಳಿ. ತೇವ ಶೇಕಡಾ 70ಕ್ಕಿಂತ ಕೆಳಗಿದ್ದಾಗ ಕೆಲಸ ಮಾಡಿ. ಬೇಗ ಆರಲಿ ಅಂತ ಒಲೆ ಹತ್ತಿರ ಮಾತ್ರ ಇಡಬೇಡಿ. ಸ್ಪಿರಿಟ್ ಆವಿಗೆ ಬೆಂಕಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳುತ್ತೆ.

ಹಲಸಿನ ಚಕ್ಕೆ ಕುದಿಸಿ ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕುತ್ತಾರೆ. ಅಷ್ಟು ಹಳದಿ ಈ ಮರದಲ್ಲಿದೆ. ಬಾಡಿಗೆ ಬಳಸಿದ ಬಟ್ಟೆಯನ್ನು ಬಿಳೀ ಮೇಪಲ್‌ಗೆ ಮುಟ್ಟಿಸಬೇಡಿ. ಇನ್ನೊಂದು, ಈಗಿನ ಹಳದಿ ಹೀಗೇ ಇರಲ್ಲ. ಬೆಳಕು ಬಿದ್ದು ವರ್ಷಗಳು ಕಳೆದಂತೆ ಕೆಂಪು ಮಿಶ್ರಿತ ಕಂದಾಗುತ್ತೆ. ಅದಕ್ಕೇ ಬಣ್ಣದ ಸ್ಟೇನ್ ಬೇಡ ಅಂತೀನಿ.

ಅರಗೇ ಕೊನೆಯ ಕೋಟ್ ಆಗಬಾರದಾ ಅಂತ ಕೇಳಬಹುದು. ನೋಡೋಕೆ ಅದರಷ್ಟು ಚೆಂದ ಬೇರೆ ಇಲ್ಲ. ಆದರೆ ಬಿಸಿ ತಾಗಿದರೆ ಮೆತ್ತಗಾಗುತ್ತೆ. ಸ್ಪಿರಿಟ್ ಇರುವ ಸ್ಯಾನಿಟೈಸರ್ ಹಾಕಿದ ಕೈ ತಾಗಿದರೂ ಗುರುತು ಬೀಳುತ್ತೆ. ಗಿಟಾರ್ ಬಾಡಿ ಅಂದ್ರೆ ಮೊಣಕೈ ಬೆವರು ಸದಾ ತಾಗುವ ಜಾಗ. ಹಾಗಾಗಿ ಮೇಲೆ ವಾರ್ನಿಶ್ ಇರಲಿ.

ವಾರ್ನಿಶ್ ಕೊಳ್ಳುವಾಗ ಡಬ್ಬಿ ಓದಿ. ಹಾರ್ಡನರ್ ಇಲ್ಲದ, ಮಿನರಲ್ ಟರ್ಪೆಂಟೈನ್‌ನಲ್ಲಿ ತೆಳು ಮಾಡುವ ಪಾಲಿಯುರಿಥೇನ್ ವಾರ್ನಿಶ್ ಬೇಕು. ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ. ಬಟ್ಟೆಯಲ್ಲಿ ಸವರಿ ಬಿಟ್ಟುಬಿಡಿ, ಹೆಚ್ಚು ಉಜ್ಜಬೇಡಿ. ದಿನಕ್ಕೊಂದು ಕೋಟ್, ಮಳೆ ಜೋರಿದ್ದರೆ ಎರಡು ದಿನಕ್ಕೊಂದು. 320 ಪೇಪರ್ ಹಗುರವಾಗಿ ಆಡಿಸಿದಾಗ ಬಿಳೀ ಪುಡಿ ಬಂದರೆ ಮುಂದಿನ ಕೋಟ್‌ಗೆ ತಯಾರು. ಪೇಪರ್‌ಗೆ ಅಂಟು ಅಂಟಾಗಿ ಮೆತ್ತಿಕೊಂಡರೆ ಇನ್ನೂ ಕಾಯಿರಿ. ಆರೇಳು ಕೋಟ್ ಆಗಲಿ. ಪಿಕಪ್ ಗುಳಿ, ವೈರಿಂಗ್ ಗುಳಿಗಳ ಒಳಗೂ ಅರಗು ಹಚ್ಚಿ. ಹೊರಗೆ ಮುಚ್ಚಿ ಒಳಗೆ ಬಿಟ್ಟರೆ ಮರ ಒಂದೇ ಕಡೆಯಿಂದ ತೇವ ಎಳೆಯುತ್ತೆ. ನೆಕ್ ಕೂರುವ ಗುಳಿಗೆ ಮಾತ್ರ ಟೇಪ್ ಅಂಟಿಸಿ ಖಾಲಿ ಬಿಡಿ. ಅಲ್ಲಿ ಕೋಟ್ ದಪ್ಪವಾದರೆ ನೆಕ್ ಬಿಗಿಯಾಗಿ ಕೂತು ಅಂಚಿನಲ್ಲಿ ಫಿನಿಶ್ ಸಿಡಿಯುತ್ತೆ.

ಎಣ್ಣೆ, ವಾರ್ನಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಈ ಎಣ್ಣೆಗಳು ಆರುವಾಗ ಬಿಸಿ ಹುಟ್ಟುತ್ತೆ. ಮುದ್ದೆಯಲ್ಲಿ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತುತ್ತೆ. ಅಂಗಳದಲ್ಲಿ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲಾ ಬಕೆಟ್ ನೀರಲ್ಲಿ ಮುಳುಗಿಸಿಡಿ.

ಬರೀ ಅಗಸೆ ಎಣ್ಣೆ ಸಾಲದಾ ಅಂತ ಇಲ್ಲೇ ಒಬ್ಬರು ಕೇಳಿದ್ದಾರೆ. ಹಸಿ ಅಗಸೆ ಎಣ್ಣೆ ಆರೋಕೆ ವಾರಗಳು ಬೇಕು, ಮಳೆಯಲ್ಲಿ ಬೂಷ್ಟು ಬೇರೆ ಹಿಡಿಯಬಹುದು. ಬೇಡ.

ಮನಸ್ಸು ಬದಲಾಗಿ ಗಟ್ಟಿ ಬಣ್ಣವೇ ಬೇಕು, ಹೊಳಪೂ ಬೇಕು ಅಂದ್ರೆ ಇನ್ನೊಂದು ದಾರಿ ಇದೆ. ಕಾರಿಗೆ ಡೆಂಟಿಂಗ್ ಪೇಂಟಿಂಗ್ ಮಾಡುವ ಗ್ಯಾರೇಜ್‌ಗೆ ಕೊಡಿ. ಅವರ ಹತ್ತಿರ ಗನ್ ಇದೆ, ಹಾರ್ಡನರ್ ಬೆರೆಸುವ ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಕೋಟ್) ಇದೆ. ಉಜ್ಜಿ, ಫಿಲ್ಲರ್ ತುಂಬಿ ನೀವೇ ತಯಾರು ಮಾಡಿ ಕೊಟ್ಟರೆ ಒಂದು ಬಾಡಿಗೆ ಅವರು ಜಾಸ್ತಿ ಹೊತ್ತು ತಗೊಳ್ಳಲ್ಲ. ಆ ಕ್ಲಿಯರನ್ನು ಮಾತ್ರ ಮನೆಯಲ್ಲಿ ನೀವೇ ಹೊಡೆಯಬೇಡಿ. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತೆ, ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಬಟ್ಟೆ ಮಾಸ್ಕ್ ಅದನ್ನು ತಡೆಯಲ್ಲ. ಆಸ್ತಮಾ ಇದ್ದವರು ಹತ್ತಿರವೂ ನಿಲ್ಲಬಾರದು.

ನೆಕ್ ವಿಷಯ. ಹಿಂಭಾಗ ಹೊಳೆಯೋ ಹಾಗೆ ಮಾಡಿದರೆ ಬೆವರಿಗೆ ಹೆಬ್ಬೆರಳು ಅಂಟಿಕೊಳ್ಳುತ್ತೆ. ಅದೇ ವಾರ್ನಿಶ್ ಮೂರು ತೆಳು ಕೋಟ್ ಹಾಕಿ. ಪೂರ್ತಿ ಗಟ್ಟಿಯಾದ ಮೇಲೆ ಸ್ಕಾಚ್‌ಬ್ರೈಟ್‌ನಲ್ಲಿ ಉದ್ದಕ್ಕೆ ಉಜ್ಜಿ ಮಂಕು ಮಾಡಿ. ಸ್ಟೀಲ್ ವುಲ್ ಬಳಸೋದಾದರೆ ಪಿಕಪ್ ದೂರ ಇರಲಿ, ಅದರ ಪುಡಿಯೆಲ್ಲಾ ಅಯಸ್ಕಾಂತಕ್ಕೆ ಹಿಡಿದುಕೊಳ್ಳುತ್ತೆ. ಫ್ರೆಟ್‌ಬೋರ್ಡೂ (ಬೆರಳು ಒತ್ತುವ ಹಲಗೆ) ಮೇಪಲ್ ಆದರೆ ಅದಕ್ಕೂ ಕೋಟ್ ಬೇಕು, ಇಲ್ಲವಾದರೆ ಬೆರಳಿನ ಕೊಳೆ ಕೂತು ಬೂದು ಬಣ್ಣಕ್ಕೆ ತಿರುಗುತ್ತೆ. ಬೀಟೆ ಆದರೆ ಏನೂ ಹಚ್ಚಬೇಡಿ, ಟೇಪ್ ಹಾಕಿ ಮುಚ್ಚಿಡಿ.

ಬಾಡಿಗೆ ಪೂರ್ತಿ ಹೊಳಪು ಬೇಕಿದ್ದರೆ ಕೊನೆಯ ಕೋಟ್ ಆಗಿ ಮೂರು ವಾರ ಬಿಟ್ಟು 1000, 1500, 2000 ವಾಟರ್ ಪೇಪರ್, ಆಮೇಲೆ ಕಾರಿನ ರಬ್ಬಿಂಗ್ ಕಾಂಪೌಂಡ್. ಬ್ರಿಡ್ಜ್‌ನ ಸ್ಕ್ರೂ ತೂತುಗಳಿಗೆ ನೀರು ಇಳಿಯದಂತೆ ಮೇಣ ತುಂಬಿ. ನೀರು ಇಳಿದರೆ ಮರ ಉಬ್ಬಿ ತೂತಿನ ಸುತ್ತ ಬಿರುಕು ಬಿಡುತ್ತೆ.

ವಾಲ್ಯೂಮ್, ಟೋನ್ ನಾಬ್‌ಗಳಿಗೆ ಒಂದು ಆಸೆ ಹೇಳ್ತೀನಿ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತೆ. ಗಿಟಾರ್ ಬಾಡಿಗೆ ಇದು ಆಗಲ್ಲ, ತಿರುಗಿಸೋಕೆ ಬರಲ್ಲವಲ್ಲ. ನಾಬ್‌ಗೆ ಹೇಳಿ ಮಾಡಿಸಿದ್ದು. ನಾಬ್ ಕೂರುವ ಪಾಟ್‌ನ (ವಾಲ್ಯೂಮ್ ಹೆಚ್ಚು ಕಡಿಮೆ ಮಾಡುವ ಭಾಗ) ಕಡ್ಡಿ 6 ಮಿಲಿಮೀಟರ್ ಆದರೆ ಅಷ್ಟೇ ತೂತು ಕೊರೆಯೋಕೆ ಹೇಳಿ.

ಹೆಡ್‌ಸ್ಟಾಕ್, ಅಂದ್ರೆ ನೆಕ್‌ನ ತುದಿಯ ಮೇಲೆ ಮಗಳ ಹೆಸರು ಬರೆಸೋದು ಯಾವಾಗ ಅಂತ ಕೇಳಿದ್ದಿರಿ. ಅರಗಿನ ಕೋಟ್ ಆದ ಮೇಲೆ, ವಾರ್ನಿಶ್‌ಗೆ ಮೊದಲು. ನೀರಲ್ಲಿ ನೆನೆಸಿ ಅಂಟಿಸುವ ಡಿಕಾಲ್ ಆದರೆ ಒಂದು ದಿನ ಆರಲು ಬಿಡಿ. ಮೊದಲ ಎರಡು ವಾರ್ನಿಶ್ ಕೋಟ್ ತುಂಬಾ ತೆಳ್ಳಗಿರಲಿ, ನಡುವೆ ಪೇಪರ್ ಆಡಿಸಬೇಡಿ. ಆದರೆ ಎಲ್ಲಕ್ಕಿಂತ ಮೊದಲು, ಬಾಡಿ ಕೊರೆದಾಗ ಉಳಿದ ಹಲಸಿನ ತುಂಡಿದೆಯಲ್ಲ, ಅದರ ಮೇಲೆ ಈ ಎಲ್ಲಾ ಕೋಟ್‌ಗಳನ್ನು ಇದೇ ಕ್ರಮದಲ್ಲಿ ಹಾಕಿ ನೋಡಿ. ಫೋಟೊ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.