ಅಪ್ಪನ ಕೋವಿ ಮನೆ ಕಾಯುತ್ತದೆಯೇ?

ಪ್ರಶ್ನೆ: ಕೊಪ್ಪ ತಾಲ್ಲೂಕಿನಲ್ಲಿ ನಮ್ಮದು ತೋಟದ ನಡುವಿನ ಒಂಟಿ ಮನೆ. ನಾನು ಬೆಂಗಳೂರಿನಲ್ಲಿದ್ದೇನೆ, ಊರಲ್ಲಿ 74 ವರ್ಷದ ಅಪ್ಪ, ಅಮ್ಮ ಇಬ್ಬರೇ. ಬೆಳೆ ರಕ್ಷಣೆಗೆಂದು ಪಡೆದ ಜೋಡುನಳಿಗೆ ಕೋವಿ ಅಪ್ಪನ ಹೆಸರಲ್ಲಿದೆ. ಪಕ್ಕದ ಊರಲ್ಲಿ ಒಣ ಅಡಿಕೆ ಕಳವಾದ ಮೇಲೆ ಅಪ್ಪ ಅದಕ್ಕೆ ತೋಟೆ ತುಂಬಿ ಮಂಚದ ಪಕ್ಕದಲ್ಲಿಟ್ಟು ಮಲಗುತ್ತಿದ್ದಾರೆ. ಕಳ್ಳ ಬಂದರೆ ಹೊಡೆಯಬಹುದೇ? ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸಲೇ? ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?

ಉತ್ತರ: ಕಾನೂನಿನ ಮಾತು ಆಮೇಲೆ. ಇವತ್ತೇ ಫೋನ್ ಮಾಡಿ, ನಳಿಗೆ ಮಡಚಿಸಿ ಎರಡೂ ತೋಟೆ ಹೊರಗೆ ತೆಗೆಸಿ. ಕೋವಿ ಬೀರುವಿನೊಳಗೆ ಬೀಗದಲ್ಲಿರಲಿ, ತೋಟೆ ಬೇರೆ ಕಡೆ ಇರಲಿ. ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಕೇಳುವ ಸದ್ದು ಬಚ್ಚಲಿಗೆ ಎದ್ದ ಅಮ್ಮನದೂ ಆಗಿರಬಹುದು, ಹೇಳದೆ ಕೇಳದೆ ಬಸ್ಸಿಳಿದು ಬಂದ ನಿಮ್ಮದೂ ಆಗಿರಬಹುದು. ಬೀಗ ಹಾಕಿಟ್ಟ ಕೋವಿ ಆ ಹೊತ್ತಿಗೆ ಕೈಗೆ ಸಿಗುವುದಿಲ್ಲವಲ್ಲ ಎನ್ನುತ್ತೀರಿ. ನಿಜ, ಸಿಗುವುದಿಲ್ಲ. ಮನೆ ಕಾಯಲು ಕೋವಿಯನ್ನೇ ನೆಚ್ಚಬೇಡಿ ಎಂದು ನಾನು ಹೇಳುವುದು ಅದಕ್ಕೇ.

ಇನ್ನು ಹೊಡೆಯುವ ವಿಚಾರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಸ್ವರಕ್ಷಣೆಯ ಹಕ್ಕನ್ನು ಹೇಳುತ್ತವೆ. ದರೋಡೆ, ಸೂರ್ಯಾಸ್ತದ ನಂತರ ಮನೆಗೆ ಕನ್ನ, ವಾಸದ ಮನೆಗೆ ಬೆಂಕಿ ಇಂಥ ಸಂದರ್ಭಗಳಲ್ಲಿ ಆ ಹಕ್ಕು ಎದುರಾಳಿಯ ಪ್ರಾಣ ಹೋಗುವ ಮಟ್ಟದವರೆಗೂ ಚಾಚುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ಅಂಗಳದ ಅಡಿಕೆ ಮೂಟೆ ಹೊತ್ತು ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿ ಅವನು ಸತ್ತರೆ ಅಪ್ಪನ ಮೇಲೆ ಬೀಳುವುದು ಕೊಲೆ ಕೇಸು. ಸ್ವರಕ್ಷಣೆಗಾಗಿ ಹೊಡೆದೆ ಎಂದು ತೋರಿಸುವ ಭಾರವೂ ಅವರದೇ. 74ರ ವಯಸ್ಸಿನಲ್ಲಿ ಕೋರ್ಟಿಗೆ ಅಲೆಯುವುದು ಯಾರಿಗೆ ಬೇಕು!

ಲೈಸೆನ್ಸ್ ನಿಮ್ಮ ಹೆಸರಿಗೆ ಬರಲು ದಾರಿಯಿದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ತುಂಬಿದ್ದರೆ ಅಥವಾ ಅವರು ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ ವಾರಸುದಾರರು ಅರ್ಜಿ ಹಾಕಬಹುದು. ಪೊಲೀಸ್ ವರದಿ, ವೈದ್ಯಕೀಯ ಪ್ರಮಾಣಪತ್ರ ಎಲ್ಲ ಬೇಕು. ಸಿಕ್ಕಿದ ಲೈಸೆನ್ಸ್ ಐದು ವರ್ಷ ನಡೆಯುತ್ತದೆ. ತೊಡಕು ಬೇರೆ ಕಡೆ ಇದೆ. ಕೋವಿ ನಿಮ್ಮ ಹೆಸರಿಗಾದ ದಿನದಿಂದ ಅಪ್ಪ ಅದನ್ನು ಬಳಸುವಂತಿಲ್ಲ, ನೀವೋ ಬೆಂಗಳೂರಿನಲ್ಲಿ. ಈಗಲೂ ಅಷ್ಟೇ: ರಿಪೇರಿಗೋ ನವೀಕರಣಕ್ಕೋ ನೀವು ಒಯ್ಯಬೇಕಾದರೆ ಅಪ್ಪ ಬರೆದುಕೊಟ್ಟ ಒಪ್ಪಿಗೆ ಪತ್ರ ಜೇಬಿನಲ್ಲಿರಬೇಕು. ಹಾಗಾಗಿ, ನೀವು ಊರಿಗೇ ಬಂದು ನೆಲೆಸುವುದಿದ್ದರೆ ಅರ್ಜಿ ಹಾಕಿ, ಇಲ್ಲವಾದರೆ ಸದ್ಯಕ್ಕೆ ಬೇಡ.

ಕೊಡಗಿನ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಅರಸರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಜಮೀನು ಉಳ್ಳವರಿಗೆ) ಮಾತ್ರ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಚಿಕ್ಕಮಗಳೂರಿನ ನಿಮಗೆ ಅನ್ವಯಿಸುವುದಿಲ್ಲ.

ಕಳ್ಳರಿಗೆ ಬೇಕಿರುವುದು ಅಡಿಕೆ. ಒಣಗಿದ್ದನ್ನು ಮನೆಯಲ್ಲಿ ಪೇರಿಸಿಡದೆ ಮಂಡಿಗೆ ಹಾಕಿಸಿ. ಅಂಗಳಕ್ಕೆ ಜನ ಓಡಾಡಿದರೆ ತಾನೇ ಹೊತ್ತಿಕೊಳ್ಳುವ ದೀಪ ಹಾಕಿಸಿ, ಬೀಟ್ ಪೊಲೀಸರ ಮೊಬೈಲ್ ನಂಬರು ಮತ್ತು ತುರ್ತು ಸಹಾಯವಾಣಿ 112 ಎರಡನ್ನೂ ಫೋನಿನ ಪಕ್ಕ ಅಮ್ಮನಿಗೆ ಕಾಣುವಷ್ಟು ದೊಡ್ಡದಾಗಿ ಬರೆದಿಡಿ.