ದಿನಸಿ ಗೋದಾಮು: ಶಿವಮೊಗ್ಗವೋ, ದಾವಣಗೆರೆಯೋ?

ಸಾಗರ, ಹೊಸನಗರ, ತೀರ್ಥಹಳ್ಳಿಯ ಅಂಗಡಿಗಳಿಗೆ ಸಗಟಾಗಿ ದಿನಸಿ ಕೊಡಬೇಕು, ಗೋದಾಮು ಎಲ್ಲಿ ಹಿಡಿಯಲಿ ಅಂತ ಕೇಳಿದ್ದೀರಿ. ಹನ್ನೆರಡು ವರ್ಷ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆದವನು ನಾನು. ಲಾರಿ ಗೊತ್ತು ಮಾಡುವ ಕೆಲಸವೂ ನನ್ನ ತಲೆಗೇ ಇತ್ತು. ಶಿವಮೊಗ್ಗದಲ್ಲೇ ಹಿಡಿಯಿರಿ.

ನಕ್ಷೆ ನೋಡಿದರೆ ದಾವಣಗೆರೆಯೇ ಮೇಲು ಅನ್ನಿಸುತ್ತದೆ, ಸುಳ್ಳಲ್ಲ. ಬೆಂಗಳೂರು–ಪುಣೆ ಹೆದ್ದಾರಿ ಅದರ ಮಗ್ಗುಲಲ್ಲೇ ಇದೆ, ಹುಬ್ಬಳ್ಳಿಯ ರೈಲುಹಳಿ ಊರೊಳಗೇ ಹಾಯುತ್ತದೆ. ನಮ್ಮ ಹಳಿ ಬೀರೂರಿನಲ್ಲಿ ಕವಲೊಡೆದು ಬಂದು ತಾಳಗುಪ್ಪದಲ್ಲಿ ಮುಗಿದೇ ಹೋಗುತ್ತದೆ. ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ 2023ರಿಂದ ವಿಮಾನ ಇಳಿಯುತ್ತಿದೆ ನಿಜ, ಆದರೆ ಬೇಳೆ ಮೂಟೆಗೂ ಅದಕ್ಕೂ ಏನು ಸಂಬಂಧ!

ನಿಮಗೆ ಲಾಭ ಇರುವುದು ವಾಪಸ್ ಲೋಡಿನಲ್ಲಿ. ಅಡಿಕೆ ಕಾಲದಲ್ಲಿ ಬೆಳಗಾಗುವ ಮುಂಚೆಯೇ ಘಟ್ಟದ ಸೀಮೆಯ ಪಿಕಪ್ಪು, ಸಣ್ಣ ಲಾರಿಗಳು ಮಂಡಿ ಮುಂದೆ ಸಾಲುಗಟ್ಟುತ್ತವೆ. ಹಮಾಲರು ಚೀಲ ಇಳಿಸುತ್ತಾರೆ, ಖರೀದಿದಾರ ಒಂದು ಹಿಡಿ ತೆಗೆದು, ಒಂದನ್ನು ಅಡಕತ್ತರಿಯಲ್ಲಿ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯಲ್ಲೇ ಬಗೆಗಳು, ಒಂದೊಂದಕ್ಕೂ ಬೇರೆ ದರ. ಹತ್ತು ಗಂಟೆ ಹೊತ್ತಿಗೆ ಗಾಡಿ ಖಾಲಿ. ಖಾಲಿ ಗಾಡಿ ಓಡಿಸಿಕೊಂಡು ಊರಿಗೆ ಹೋಗಲು ಯಾವ ಡ್ರೈವರನಿಗೂ ಮನಸ್ಸಿಲ್ಲ. ಡೀಸೆಲ್ ಖರ್ಚಿನ ಮೇಲೆ ನಾಲ್ಕು ಕಾಸು ಸಿಕ್ಕರೆ ನಿಮ್ಮ ಸಕ್ಕರೆ, ಎಣ್ಣೆ ಡಬ್ಬ ಹೇರಿಕೊಂಡು ಹೊರಡುತ್ತಾನೆ. ದಾವಣಗೆರೆಯಲ್ಲಿ ಕೂತರೆ ಹೋಗಿ ಬರುವ ಎರಡೂ ಬಾಡಿಗೆ ನಿಮ್ಮದೇ.

ಮಾರುವವನು ಕೊಳ್ಳುವವನೂ ಹೌದು. ಅಡಿಕೆ ದುಡ್ಡು ಕೈಗೆ ಬಂದ ದಿನವೇ ಗಾಂಧಿ ಬಜಾರಿಗೆ ಹೋಗಿ ಮನೆಗೆ ಬೇಕಾದ್ದೆಲ್ಲ ಕಟ್ಟಿಸುತ್ತಾನೆ. ಅಡಿಕೆ ದರ ಬಿದ್ದ ವರ್ಷ ಉದ್ರಿ ಬೆಳೆಯುತ್ತದೆ, ಅದಕ್ಕೂ ತಯಾರಿರಿ.

ಕರಾವಳಿ ಕಡೆಯಿಂದ ಮಾಲು ತರಿಸುವುದಾದರೆ ಮಳೆಗಾಲ ನಂಬಬೇಡಿ. ಆಗುಂಬೆಯಲ್ಲಿ ಭಾರಿ ಗಾಡಿ ಬಿಡುವುದಿಲ್ಲ. ಒಂದು ಜುಲೈನಲ್ಲಿ ಮಂಗಳೂರಿನ ಲೋಡು ಹುಲಿಕಲ್ ಘಾಟಿ ಸುತ್ತಿ ಬರುವಷ್ಟರಲ್ಲಿ ಮೂರು ದಿನ ತಡವಾಗಿ, ಮೇಲಿನ ಸಾಲಿನ ಚೀಲಗಳು ತೊಯ್ದಿದ್ದವು. ಬಾಡಿಗೆ ಮಾತ್ರ ಪೂರ್ತಿ ಕೊಟ್ಟೆ.

ಜಾಗ ಸಾಗರ ರಸ್ತೆಯ ಎಪಿಎಂಸಿ ಆಸುಪಾಸಿನಲ್ಲಿ ನೋಡಿ. ಬಜಾರಿನೊಳಗೆ ಬಾಡಿಗೆ ಕಡಿಮೆ ಅಂತ ಯಾರಾದರೂ ಹೇಳಿದರೆ, ಸಂಜೆ ಆರಕ್ಕೆ ಆ ಓಣಿಯಲ್ಲಿ ಒಂದು ಸಲ ಲಾರಿ ತಿರುಗಿಸಿ ತೋರಿಸಲು ಹೇಳಿ.