ಕೆಂಪು-ಹಸಿರು ಕೂಡುವುದಿಲ್ಲ ಅಂದವರಾರು?

ಓದುಗರ ಪತ್ರ: ನಾನು ಗ್ರಾಫಿಕ್ ಡಿಸೈನ್ ಕಲಿತು ಈಗಷ್ಟೇ ಕೆಲಸಕ್ಕೆ ಸೇರಿದವಳು. ಅಣ್ಣನ ಮದುವೆಯ ಕರೆಯೋಲೆ ನಾನೇ ಮಾಡುತ್ತಿದ್ದೇನೆ. ಬಣ್ಣದ ಚಕ್ರದಲ್ಲಿ ಎದುರುಬದುರು ಇರುವ ಜೋಡಿ ಒಪ್ಪುತ್ತದೆ ಎಂದು ಓದಿ ಕೆಂಪು-ಹಸಿರು ಹಾಕಿದೆ. ಕಣ್ಣಿಗೆ ರಾಚುತ್ತಿದೆ. ಗೆಳತಿಯರು ‘ಈ ಜೋಡಿ ಹಳ್ಳಿ ಜಾತ್ರೆ ಇದ್ದಂಗೈತಿ, ಪೇಸ್ಟಲ್ ತಿಳಿಬಣ್ಣ ಹಾಕು’ ಅನ್ನುತ್ತಾರೆ. ಅಜ್ಜಿ ‘ಮದುವಿ ಕಾಗದ ಸಪ್ಪಗ ಇರಬಾರದು’ ಅನ್ನುತ್ತಾಳೆ. ಬಣ್ಣ ಕೂಡಿಸಲು ನಂಬಬಹುದಾದ ನಿಯಮ ಇದೆಯೇ? – ಓದುಗಿ, ಹುಬ್ಬಳ್ಳಿ

ಸಂಪಾದಕರ ಉತ್ತರ: ನಾನು ನಿಮ್ಮ ಅಜ್ಜಿಯ ಕಡೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬಣ್ಣದ ಚಕ್ರವನ್ನು ನಾನು ಹಳಿಯುವುದಿಲ್ಲ. ನ್ಯೂಟನ್ 1704ರಲ್ಲಿ ಬಣ್ಣಗಳನ್ನು ವೃತ್ತದಲ್ಲಿ ಜೋಡಿಸಿ ತೋರಿಸಿದ. ಯಾವುದಕ್ಕೆ ಯಾವುದು ನೆರೆ, ಯಾವುದು ಎದುರು ಎಂದು ತಿಳಿಯಲು ಚಕ್ರ ಒಳ್ಳೆಯ ನಕ್ಷೆ. ಪೇಸ್ಟಲ್ಲಿಗೂ ಅದರ ಜಾಗವಿದೆ. ಆದರೆ ಎಷ್ಟು ಹಸಿರಿಗೆ ಎಷ್ಟು ಕೆಂಪು, ಎರಡರ ನಡುವೆ ಏನು ಇರಬೇಕು ಎಂಬುದನ್ನು ಚಕ್ರ ಹೇಳುವುದಿಲ್ಲ. ನೀವು ಎರಡನ್ನೂ ಅರ್ಧರ್ಧ ಹಾಕಿ, ಒಂದಕ್ಕೊಂದು ತಾಗಿಸಿ ಇಟ್ಟಿದ್ದೀರಿ ಎಂದು ನನ್ನ ಊಹೆ. ರಾಚುವುದು ಅದಕ್ಕೇ.

ಅಜ್ಜಿಯ ಟ್ರಂಕು ತೆಗೆಸಿ. ಹುಬ್ಬಳ್ಳಿಯ ಮನೆಯಲ್ಲಿ ಒಂದಾದರೂ ಇಳಕಲ್ಲ ಸೀರೆ ಇದ್ದೀತು. ಅದರ ಮೈ ಗಿಳಿಹಸಿರಿರಲಿ, ನೀಲಿಯಿರಲಿ, ಕಪ್ಪಿರಲಿ, ಟೋಪ್ ತೆನಿ ಸೆರಗು ಕೆಂಪೇ. ಈ ಕೆಂಪು ಎಲ್ಲದರ ಜೊತೆಗೂ ಬಾಳುತ್ತದೆ, ಹೇಗೆ? ಮೈಯ ಬಣ್ಣ ಮೊಳಗಟ್ಟಲೆ ಹರಡಿದ್ದರೆ ಕೆಂಪಿಗೆ ಸಿಕ್ಕಿರುವುದು ಕೊನೆಯ ತುಂಡಷ್ಟೇ. ಆ ತುಂಡಿನಲ್ಲೂ ನಡುನಡುವೆ ಬಿಳಿ ಬಂದು, ಕೋಟೆಯ ತೆನೆಯ ಹಾಗೆ ಹಲ್ಲುಹಲ್ಲಾಗಿ ಕೆಂಪನ್ನು ಒಡೆಯುತ್ತದೆ, ಕಣ್ಣಿಗೆ ಉಸಿರಾಡಲು ಎಡೆ ಮಾಡುತ್ತದೆ. ದಡಿಯಲ್ಲಿ ಅದೇ ಕೆಂಪು ಸಣ್ಣಗೆ ಮೈಯುದ್ದ ಹರಿದಿದ್ದರೆ ಸೆರಗು ಬಂದಾಗ ಅಪರಿಚಿತ ಅನ್ನಿಸುವುದಿಲ್ಲ. ಒಂದು ಬಣ್ಣ ಯಜಮಾನ, ಒಂದು ನೆಂಟ, ಮಧ್ಯೆ ಬಿಳಿ.

ಇಷ್ಟಕ್ಕೇ ಮುಗಿಯಲಿಲ್ಲ. ಹಸಿರು ಹಾಸಿನ (ಉದ್ದದ ಎಳೆಗಳ) ಮೇಲೆ ಕೆಂಪು ಹೊಕ್ಕು (ಅಡ್ಡ ಎಳೆ) ಹಾಯಿಸಿದರೆ ಕೆಂಪು ಮಂಕಾಗುತ್ತದೆ, ಕಂದಿದಂತೆ ಕಾಣುತ್ತದೆ. ಹಾಗಾಗಬಾರದೆಂದು ಇಳಕಲ್ಲ ನೇಕಾರರು ಸೆರಗಿಗೆ ಬೇರೆಯೇ ಕೆಂಪು ರೇಷ್ಮೆ ಹಾಸು ಮಾಡಿಕೊಂಡು, ಮೈಯ ಹಾಸಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಹಾಸೂ ಕೆಂಪು, ಹೊಕ್ಕೂ ಕೆಂಪು. ಒಂದು ಸೀರೆಗೆ ಒಮ್ಮೆ ಈ ಪಾಡು. ನಾನು ಮೊದಲ ಸಲ ಮಗ್ಗದ ಮುಂದೆ ಕೂತು ಆ ಬೆರಳುಗಳನ್ನು ನೋಡಿದ ದಿನ, ಮುಖಪುಟದ ಬಣ್ಣವನ್ನು ಐದು ನಿಮಿಷದಲ್ಲಿ ಆರಿಸುವುದನ್ನು ಬಿಟ್ಟೆ.

ಇದೇ ಮಾತನ್ನು ಪ್ಯಾರಿಸ್ಸಿನ ಶೆವ್ರೋಲ್ ಎಂಬ ರಸಾಯನಶಾಸ್ತ್ರಜ್ಞ ಇನ್ನೊಂದು ದಾರಿಯಿಂದ ಕಂಡುಕೊಂಡ. ಆತ ಗೋಬೆಲಿನ್ ಜಮಖಾನೆ ಕಾರ್ಖಾನೆಯ ಬಣ್ಣಗಾರಿಕೆಯ ಮುಖ್ಯಸ್ಥ. ಕಪ್ಪು ಬಣ್ಣ ಸಾಕಷ್ಟು ಕಪ್ಪಾಗಿಲ್ಲ ಎಂದು ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದಿದ್ದ ಬಣ್ಣಗಳಿಂದ ಕಪ್ಪು ಪೇಲವವಾಗಿ ಕಾಣುತ್ತಿತ್ತು. 1839ರಲ್ಲಿ ಆತ ಅದನ್ನೆಲ್ಲ ಗ್ರಂಥವಾಗಿ ಪ್ರಕಟಿಸಿದ. ಬಣ್ಣ ಹೇಗೆ ಕಾಣುವುದೆಂಬುದು ನೆರೆಮನೆಯವರನ್ನು ಅವಲಂಬಿಸಿದೆ ಎಂದು ಯುರೋಪಿನ ಚಿತ್ರಕಾರರು ಅವನಿಂದ ಕಲಿತರು. ನಮ್ಮ ಮಗ್ಗದ ಮನೆಗಳಲ್ಲಿ ಅದು ಕೈಯಿಂದ ಕೈಗೆ ಬಂದ ತಿಳಿವಳಿಕೆ. ಅದಕ್ಕೆ ಡಿಸೈನ್ ಎಂಬ ಹೆಸರು ಕೊಡಲು ನಮಗೇಕೆ ಸಂಕೋಚ?

ಬೆಳಕಿನ ಮಾತೂ ಹಾಗೆಯೇ. ನನ್ನ ತಾಯಿ ಸೀರೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಯಾವ ಸೀರೆಯನ್ನೂ ಒಪ್ಪಿದವರಲ್ಲ. ‘ಬಾಗಿಲಿಗೆ ತರ್ರಿ’ ಅನ್ನುವರು. ಹೊಸ್ತಿಲ ಬಿಸಿಲಿಗೆ ಹಿಡಿದು, ಒಳಗಿನದೂ ಹೊರಗಿನದೂ ಬೇರೆ ಬಣ್ಣ ಎಂದು ತೋರಿಸುವರು. ಆ ಬುದ್ಧಿ ನನಗೆ ತಡವಾಗಿ ಬಂತು. ಒಂದು ದೀಪಾವಳಿ ಸಂಚಿಕೆಗೆ ಕಂಪ್ಯೂಟರ್ ಪರದೆಯಲ್ಲಿ ಹೊಳೆಯುತ್ತಿದ್ದ ಹಸಿರನ್ನು ಆರಿಸಿದ್ದೆ. ಅಚ್ಚಾಗಿ ಬಂದದ್ದು ಬಾಡಿದ ಪಾಲಕ್ ಸೊಪ್ಪು. ಪರದೆ ಬೆಳಕನ್ನೇ ಸೂಸುತ್ತದೆ, ಮುದ್ರಣಕ್ಕಿರುವುದು ನಾಲ್ಕು ಶಾಯಿ, ಆ ಹೊಳಪು ಅದರಿಂದ ಹೊರಡುವುದಿಲ್ಲ. ಸಾವಿರಾರು ಪ್ರತಿ ಹೊರಬಿದ್ದ ಮೇಲೆ ತಿಳಿದ ಪಾಠ ಇದು. ನೀವು ಮೊದಲು ಒಂದೇ ಹಾಳೆ ಅಚ್ಚು ಹಾಕಿಸಿ, ಬಾಗಿಲ ಬೆಳಕಿಗೆ ತಂದು ನೋಡಿ.

ನನ್ನನ್ನು ನೋಯಿಸಿದ್ದು ‘ಹಳ್ಳಿ ಜಾತ್ರೆ’ ಎಂಬ ಮಾತು. ಅರಿಶಿನ-ಕುಂಕುಮವನ್ನು ಕನ್ನಡದ ಬಾವುಟ ಮಾಡಿಕೊಂಡ ನಾಡು ಇದು. ಚನ್ನಪಟ್ಟಣದಲ್ಲಿ ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಕರಗಿಸಿ ಬಣ್ಣ ಹಿಡಿಸುವವರ ನಾಡು. ಯಕ್ಷಗಾನದ ಕೆಂಪು-ಹಳದಿ-ಕಪ್ಪು, ಎಣ್ಣೆದೀಪದ ಮಬ್ಬಿನಲ್ಲಿ ದೂರ ಕೂತವನಿಗೂ ಕಾಣಬೇಕೆಂದು ಹದಗೊಂಡ ಬಣ್ಣಗಳು. ಈಗ ಹೊಸ ಮನೆಯ ಗೋಡೆ ಬೂದಿ, ಸೋಫಾ ಬೂದಿ, ಕರೆಯೋಲೆ ಬೂದಿ-ಗುಲಾಬಿ. ಬಣ್ಣಕ್ಕೆ ನಾಚಿಕೊಳ್ಳುವುದನ್ನು ಅಭಿರುಚಿ ಎಂದು ಯಾರು ನಮಗೆ ಕಲಿಸಿದರೋ! ಬಣ್ಣದ ಜೊತೆ ಹೆಸರೂ ಹೋಗುತ್ತಿದೆ. ಗಿಳಿಹಸಿರು, ಬಾಳೆಸುಳಿ, ಮಾಂದಳಿರು, ಬದನೆಬಣ್ಣ, ಈರುಳ್ಳಿ ಸಿಪ್ಪೆ, ನವಿಲುಗತ್ತು ಎನ್ನುತ್ತಿದ್ದವರ ಮೊಮ್ಮಕ್ಕಳು ಕಂಪ್ಯೂಟರಿನ ಆರಂಕಿಯ ಬಣ್ಣ-ಸಂಕೇತ ಹೇಳುತ್ತಾರೆ. ಮಾಂದಳಿರು ಎಂದರೆ ಮರದಲ್ಲಿ ಅದರ ಪಕ್ಕ ಯಾವ ಹಸಿರಿತ್ತು ಎಂಬುದೂ ನೆನಪಾಗುತ್ತದೆ. ಅಂಕಿಗೆ ಅಂಥ ನೆನಪು ಎಲ್ಲಿಂದ ಬರಬೇಕು?

ಸಿಟ್ಟಾಗಬೇಡಿ ತಂಗೀ, ಗೆಳತಿಯರಿಗೂ ಅಜ್ಜಿಗೂ ನಡುವೆ ನಿಂತು ಪತ್ರ ಬರೆದಿರಲ್ಲ, ಅದೇ ನಿಮ್ಮ ಕಣ್ಣು ಇನ್ನೂ ಚೆನ್ನಾಗಿದೆ ಅನ್ನುವುದಕ್ಕೆ ಗುರುತು. ಕರೆಯೋಲೆ ಹೀಗೆ ಮಾಡಿ ನೋಡಿ: ಗಿಳಿಹಸಿರು ತುಂಬ ಇರಲಿ, ಕೆಂಪು ಕೆಳಗಿನ ಐದನೆಯ ಒಂದು ಪಾಲಿನಲ್ಲಿರಲಿ, ಎರಡೂ ಸೇರುವಲ್ಲಿ ಬಿಳಿಯ ತೆನೆ. ಮೇಲೆ ಹೆಸರಿನ ಸುತ್ತ ಅದೇ ಕೆಂಪಿನ ಸಣ್ಣ ಗೆರೆ. ಅಕ್ಷರಗಳನ್ನು ಮಾತ್ರ ಹಸಿರಿನ ಮೇಲೆ ಕೆಂಪಿನಲ್ಲಿ ಹಾಕಬೇಡಿ. ಎರಡರ ಗಾಢತೆ ಹತ್ತಿರ ಬಂದರೆ ಓದಲಾಗುವುದಿಲ್ಲ, ಕೆಂಪು-ಹಸಿರು ಬೇರೆ ಮಾಡಲಾಗದ ಕಣ್ಣಿನವರಿಗಂತೂ ಏನೂ ಕಾಣದು. ಅಕ್ಷರ ಬಿಳಿಯ ಮೇಲೆ ಕಪ್ಪಾಗಿರಲಿ.

ಮೊದಲ ಹಾಳೆಯನ್ನು ಅಜ್ಜಿಯ ಕೈಗೆ ಕೊಡಿ. ಏನಂದರು ಎಂದು ಬರೆಯಿರಿ, ಅವರ ಮಾತಿನಲ್ಲೇ.